ಒಂದು ಕರೆಗೆ ಎಷ್ಟು ಕರೆ?

1960ರಲ್ಲಿ ಲಖನೌ-ಕಾನ್ಪುರ ನಡುವೆ ಎಸ್‌ಟಿಡಿ ಆರಂಭವಾಯಿತು. ಅದು ಬಂದ ಊರುಗಳಲ್ಲಿ ಟ್ರಂಕ್ ಕಾಲ್‌ಗೆ ಕಾಯುವ ಪಾಡು ತಪ್ಪಿತು, ಬಿಲ್ಲಿನ ಒಗಟು ಶುರುವಾಯಿತು. ಪರವೂರಿಗೆ ಮಾತಾಡಿದ್ದು ಒಂದೇ ಸಲ, ಬಿಲ್ಲಿನಲ್ಲಿ ಹತ್ತಾರು ಕರೆ! ಇಲಾಖೆಯ ಲೆಕ್ಕದಲ್ಲಿ ‘ಕರೆ’ಯೆಂದರೆ ಸಂಭಾಷಣೆಯಲ್ಲ, ಎಕ್ಸ್‌ಚೇಂಜಿನ ಮೀಟರು ಒಮ್ಮೆ ಮುಂದೆ ಸರಿಯುವುದು. ಊರು ದೂರವಾದಷ್ಟೂ ಮೀಟರಿನ ಓಟ ಜೋರು. ರಾತ್ರಿ ಅದು ನಿಧಾನ. ಎಸ್‌ಟಿಡಿ ಬೂತುಗಳ ಮುಂದೆ ಊಟವಾದ ಮೇಲೆ ಸಾಲು ಬೆಳೆಯುತ್ತಿದ್ದುದು ಅದಕ್ಕೇ. ಬೂತಿನಲ್ಲಿ ಅಂಕಿಗಳು ಕಣ್ಣೆದುರೇ ಓಡುತ್ತಿದ್ದವು. ಮನೆಯ ಚಂದಾದಾರನಿಗೆ ಆ ಭಾಗ್ಯವೂ ಇಲ್ಲ. ಹಳೆಯ ಎಕ್ಸ್‌ಚೇಂಜಿನ ಮೀಟರು ಒಟ್ಟು ಸಂಖ್ಯೆಯನ್ನಷ್ಟೇ ಹೇಳುತ್ತಿತ್ತು. ಯಾವ ಊರಿಗೆ, ಎಷ್ಟು ಹೊತ್ತು ಎಂಬುದನ್ನಲ್ಲ. ತಕರಾರು ಹೂಡಿದವನಿಗೆ ಪುರಾವೆ ಎಲ್ಲಿಂದ ಬರಬೇಕು? 2006ರ ಮಾರ್ಚ್‌ನಲ್ಲಿ ಬಿಎಸ್‌ಎನ್‌ಎಲ್ ‘ಒನ್ ಇಂಡಿಯಾ’ ಯೋಜನೆ ತಂದಿತು. ಅದರಲ್ಲಿ ಎಸ್‌ಟಿಡಿಗೆ ದೂರ ಎಷ್ಟಿದ್ದರೂ ನಿಮಿಷಕ್ಕೆ 1 ರೂಪಾಯಿ.