ಹೊಗೆಯ ಬಿಸಿ ಹೇಳುವ ಮಾತು: ಟರ್ಬೊ ಡೀಸೆಲ್ ಗಾಡಿಗಳಲ್ಲಿ ಇಜಿಟಿ ಮೀಟರು

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ ಹೊರಟವರಿಗೆ ಟೂವೂಂಬಾ ಊರು ಸುಮಾರು 700 ಮೀಟರ್ ಎತ್ತರದಲ್ಲಿ ಸಿಗುತ್ತದೆ. ಅಲ್ಲಿಗೆ ಹತ್ತುವ ಹಳೆಯ ಘಾಟಿ ರಸ್ತೆಯಲ್ಲಿ, ಹಿಂದೆ ಮೂರು ಟನ್ನಿನ ಕ್ಯಾರವಾನ್ ಕಟ್ಟಿಕೊಂಡು ಏದುಸಿರು ಬಿಡುವ ಲ್ಯಾಂಡ್‌ಕ್ರೂಸರ್ ಒಳಗೆ ಕೂತವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಡುವಿನಿಂದ ಕದಲಿರುವುದಿಲ್ಲ. ಆ ಮುಳ್ಳು ತೋರಿಸುವುದು ರೇಡಿಯೇಟರ್ ನೀರಿನ ಬಿಸಿಯನ್ನು. ಅದೂ ಸಣ್ಣಪುಟ್ಟ ಏರಿಳಿತಕ್ಕೆಲ್ಲ ಅಲುಗಾಡದಂತೆ ಕಂಪನಿಯವರೇ ಹೊಂದಿಸಿಟ್ಟಿರುತ್ತಾರೆ. ಇಂಜಿನ್ ಹೆಡ್‌ನಿಂದ ಟರ್ಬೊಗೆ ನುಗ್ಗುವ ಹೊಗೆ ಅಷ್ಟರಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಈ ಹೊಗೆಯ ತಾಪಕ್ಕೆ ಇಜಿಟಿ ಎಂದು ಹೆಸರು. ಅಲ್ಲಿನ ಫೋರ್-ವೀಲ್ ಡ್ರೈವ್ ಮಂದಿಯಲ್ಲಿ ಅದಕ್ಕೆಂದೇ ಬೇರೆ ಮೀಟರು ಕೂರಿಸಿಕೊಳ್ಳುವ ರೂಢಿ ಚೆನ್ನಾಗಿ ಬೇರೂರಿದೆ.

ಡೀಸೆಲ್ಲಿನ ಲೆಕ್ಕವೇ ಬೇರೆ

ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಮತ್ತು ಇಂಧನ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆರೆಯುತ್ತವೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ. ಡೀಸೆಲ್ಲಿಗೆ ಆ ಕಟ್ಟುಪಾಡಿಲ್ಲ. ಅದು ಸಿಕ್ಕಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ, ಆಕ್ಸಿಲರೇಟರ್ ತೀರ್ಮಾನಿಸುವುದು ಎಷ್ಟು ಡೀಸೆಲ್ ಬೀಳಬೇಕೆಂಬುದನ್ನು ಮಾತ್ರ. ಕಾಲು ಒತ್ತಿದಷ್ಟೂ ಅದೇ ಗಾಳಿಗೆ ಹೆಚ್ಚು ಡೀಸೆಲ್ ಸೇರುತ್ತದೆ, ಹೊಗೆ ಬಿಸಿಯಾಗುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಇಂಧನ ಜಾಸ್ತಿ ಕೊಟ್ಟು ತಂಪು ಮಾಡುವ ಉಪಾಯವಿದೆ. ಡೀಸೆಲ್ಲಿನಲ್ಲಿ ಅದನ್ನೇ ಮಾಡಿದರೆ ಬೆಂಕಿಗೆ ಇನ್ನಷ್ಟು ಸೌದೆ ಒಟ್ಟಿದಂತೆ. ಪೆಟ್ರೋಲ್ ಗಾಡಿಯ ಅನುಭವ ಹಿಡಿದು ಡೀಸೆಲ್ ಗಾಡಿಗೆ ಸಲಹೆ ಕೊಡುವವರು ಎಡವುವುದು ಇಲ್ಲೇ.

ಗಾಳಿ ಕಡಿಮೆಯಾದರೂ ಫಲ ಅದೇ. ಕಟ್ಟಿಕೊಂಡ ಏರ್ ಫಿಲ್ಟರ್, ಸೀಳಿದ ಇಂಟರ್‌ಕೂಲರ್ ಹೋಸ್, ಸಡಿಲವಾದ ಕ್ಲಿಪ್ ಇವೆಲ್ಲ ಇಜಿಟಿಯನ್ನು ಏರಿಸುತ್ತವೆ. ಎತ್ತರದ ಜಾಗದಲ್ಲಿ ಗಾಳಿಯೇ ತೆಳು. ಲಡಾಖಿನ ಖರ್ದುಂಗ್ಲಾದಲ್ಲಿ ವಾತಾವರಣದ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟಿರುತ್ತದೆ. ಇಂಜೆಕ್ಷನ್ ಟೈಮಿಂಗ್ ತಡವಾಗಿದ್ದರೆ ಡೀಸೆಲ್ ಉರಿಯುವುದೂ ತಡ; ಪಿಸ್ಟನ್ನನ್ನು ತಳ್ಳಬೇಕಿದ್ದ ಶಾಖ ಸೈಲೆನ್ಸರ್ ಕಡೆಗೆ ಹೊರಟುಹೋಗುತ್ತದೆ.

ಅಲ್ಯೂಮಿನಿಯಂ ತಡೆಯುವುದೆಷ್ಟು

ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಪಿಸ್ಟನ್ ಮಾಡುವ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹ 577 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಹಾಗಿದ್ದರೆ 700 ಡಿಗ್ರಿಯ ಹೊಗೆ ಉಗುಳುವ ಇಂಜಿನ್ ಒಂದು ನಿಮಿಷವೂ ಬಾಳಬಾರದಲ್ಲ? ಬಾಳುತ್ತದೆ. ಪಿಸ್ಟನ್ನಿನ ತಲೆಯ ಮೇಲೆ ಬೆಂಕಿ ಇರುವುದು ಕ್ಷಣಮಾತ್ರ, ಮರುಕ್ಷಣವೇ ತಣ್ಣನೆಯ ಗಾಳಿ ಒಳಬರುತ್ತದೆ, ಎಷ್ಟೋ ಇಂಜಿನ್‌ಗಳಲ್ಲಿ ಕೆಳಗಿನಿಂದ ಆಯಿಲ್ ಚಿಮ್ಮಿ ಶಾಖವನ್ನು ಹೊತ್ತೊಯ್ಯುತ್ತದೆ. ಇಜಿಟಿ ಎಂದರೆ ಪಿಸ್ಟನ್ನಿನ ತಾಪವಲ್ಲ, ಆ ಶಾಖದ ಪರೋಕ್ಷ ಸುಳಿವು. ಓವರ್‌ಟೇಕ್ ಮಾಡುವಾಗ ಹತ್ತು ಸೆಕೆಂಡು ಮುಳ್ಳು ಮೇಲೇರಿದರೆ ಲೋಹಕ್ಕೆ ಅದು ತಟ್ಟುವುದಿಲ್ಲ. ಹತ್ತು ನಿಮಿಷ ಅಲ್ಲೇ ನಿಂತರೆ ತಟ್ಟುತ್ತದೆ. ಪಿಸ್ಟನ್ ಅಂಚು ಕರಗುವುದು, ತೂತು ಬೀಳುವುದು, ಹೆಡ್ ಬಿರುಕು ಬಿಡುವುದು, ಟರ್ಬೊ ಕೈಕೊಡುವುದು ಆ ಸಾಲಿನ ರೋಗಗಳು.

ಆಸ್ಟ್ರೇಲಿಯಾದಲ್ಲಿ ಈ ರೋಗಗಳ ವಿಷಯ ಬಂದರೆ ಎರಡು ಗಾಡಿಗಳ ಮಾತು ಬಾರದೆ ಇರುವುದಿಲ್ಲ. ಒಂದು, 2000ದ ಹೊತ್ತಿಗೆ ಅಲ್ಲಿಗೆ ಬಂದ ನಿಸಾನ್ ಪಟ್ರೋಲ್‌ನ ಮೂರು ಲೀಟರ್ ಝೆಡ್‌ಡಿ30 ಇಂಜಿನ್. ಮೊದಮೊದಲ ಗಾಡಿಗಳಲ್ಲಿ ಪಿಸ್ಟನ್ ಕೆಟ್ಟು ಅದಕ್ಕೆ ‘ಹ್ಯಾಂಡ್ ಗ್ರೆನೇಡ್’ ಎಂಬ ಅಡ್ಡಹೆಸರೇ ಅಂಟಿಕೊಂಡಿತು. ಆ ಗಾಡಿ ಕೊಂಡ ಅನೇಕರು ಟರ್ಬೊ ತುಂಬುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರು, ಇಜಿಟಿ ಮೀಟರು ಎರಡನ್ನೂ ಜೋಡಿಯಾಗಿ ಕೂರಿಸತೊಡಗಿದರು. ಇನ್ನೊಂದು, ಲ್ಯಾಂಡ್‌ಕ್ರೂಸರ್‌ನ 4.2 ಲೀಟರ್ 1ಎಚ್‌ಝೆಡ್. ಕಂಪನಿಯಿಂದ ಬರುವಾಗ ಅದಕ್ಕೆ ಟರ್ಬೊ ಇರಲಿಲ್ಲ. ಕೊಂಡವರು ಹೊರಗಿನ ಕಿಟ್ ತಂದು ಹಾಕಿಸಿಕೊಂಡರು. ಅದರಲ್ಲಿ ಡೀಸೆಲ್ ಮೊದಲು ಹೊತ್ತಿಕೊಳ್ಳುವುದು ಹೆಡ್‌ನೊಳಗಿನ ಪುಟ್ಟ ಕೋಣೆಯಲ್ಲಿ. ಪಂಪ್‌ನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸಿದರೆ ಆ ಶಾಖವನ್ನೆಲ್ಲ ತಿನ್ನುವುದು ಹೆಡ್.

ಅಳೆಯುವ ತಂತಿ

ಮೀಟರಿನ ಜೀವ ಇರುವುದು ಕೆ-ಟೈಪ್ ಥರ್ಮೋಕಪಲ್‌ನಲ್ಲಿ. ನಿಕಲ್-ಕ್ರೋಮಿಯಂ ತಂತಿ ಒಂದು, ನಿಕಲ್-ಅಲ್ಯೂಮಿನಿಯಂ ತಂತಿ ಇನ್ನೊಂದು; ಎರಡರ ತುದಿ ಬೆಸೆದು ಸ್ಟೀಲ್ ಕೊಳವೆಯೊಳಗೆ ಕೂರಿಸಿರುತ್ತಾರೆ. ಇದೇ ಪ್ರೋಬ್. ಬೆಸೆದ ತುದಿಗೂ ಇನ್ನೊಂದು ತುದಿಗೂ ತಾಪದ ಅಂತರ ಬಂದರೆ ವೋಲ್ಟೇಜ್ ಹುಟ್ಟುತ್ತದೆ. ಜರ್ಮನಿಯ ಥಾಮಸ್ ಸೀಬೆಕ್ 1821ರಲ್ಲಿ ಕಂಡುಕೊಂಡ ಪರಿಣಾಮ ಇದು. ಕೆ-ಟೈಪ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. 700 ಡಿಗ್ರಿಗೆ 29 ಮಿಲಿವೋಲ್ಟ್ ಚಿಲ್ಲರೆ.

ಇಷ್ಟು ಸಣ್ಣ ವೋಲ್ಟೇಜ್ ಆದ್ದರಿಂದ ವೈರಿಂಗಿನಲ್ಲಿ ಸಡಿಲಬಿಡುವಂತಿಲ್ಲ. ತಂತಿ ಸಾಲಲಿಲ್ಲವೆಂದು ಮಾಮೂಲಿ ತಾಮ್ರದ ವೈರ್ ಸೇರಿಸಿದರೆ ಜೋಡಣೆಯ ಜಾಗದಲ್ಲಿ ಲೆಕ್ಕ ತಪ್ಪುತ್ತದೆ. ಬಾನೆಟ್ ಒಳಗಿನ ಆ ಜೋಡಣೆ 80 ಡಿಗ್ರಿಯಲ್ಲಿದ್ದು ಮೀಟರು 30ರಲ್ಲಿದ್ದರೆ, 50 ಡಿಗ್ರಿ ಕಡಿಮೆ ತೋರಿಸುತ್ತದೆ. ಅದೂ ಅಪಾಯದ ದಿಕ್ಕಿಗೇ ತಪ್ಪು. ಬಣ್ಣದಲ್ಲೂ ಒಂದು ಮೋಸ ಇದೆ: ಅಮೆರಿಕದ ಪದ್ಧತಿಯ ಥರ್ಮೋಕಪಲ್‌ನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಕೆಂಪೆಂದರೆ ಪ್ಲಸ್ ಎಂದೇ ಕೈ ಪಳಗಿದ ಎಲೆಕ್ಟ್ರಿಷಿಯನ್ ಮೀಟರಿನಲ್ಲಿ ಅದಲುಬದಲು ಜೋಡಿಸಿದರೆ ಬಿಸಿ ಏರಿದಂತೆ ಅಂಕಿ ಇಳಿಯುತ್ತದೆ.

ಟರ್ಬೊಗೆ ಮುಂಚೆಯೋ, ಆಮೇಲೋ

ಟರ್ಬೊ ತಿರುಗುವುದೇ ಹೊಗೆಯ ಶಕ್ತಿಯಿಂದ. ಆದ್ದರಿಂದ ಅದನ್ನು ದಾಟಿ ಬಂದ ಹೊಗೆ ತಣ್ಣಗಾಗಿರುತ್ತದೆ. ಲೋಡಿನಲ್ಲಿ ಈ ಅಂತರ ನೂರು, ಕೆಲವೊಮ್ಮೆ ಇನ್ನೂರು ಡಿಗ್ರಿಯೂ ಆಗಬಹುದು. ಅಂತರ ಒಂದೇ ಸಮ ಇರುವುದಿಲ್ಲವಾದ್ದರಿಂದ ಟರ್ಬೊ ದಾಟಿದ ಮೇಲಿನ ಅಂಕಿಗೆ ಇಂತಿಷ್ಟು ಕೂಡಿಸಿ ಮುಂಚಿನದನ್ನು ಹೇಳಲಾಗದು. ನಿಜ ಬೇಕೆಂದರೆ ಪ್ರೋಬ್ ಇರಬೇಕಾದದ್ದು ಟರ್ಬೊಗೆ ಮುಂಚೆ, ಎಲ್ಲ ಸಿಲಿಂಡರುಗಳ ಹೊಗೆ ಕೂಡುವ ಮ್ಯಾನಿಫೋಲ್ಡಿನಲ್ಲಿ, ತುದಿ ಹೊಗೆಯ ನಡುವಿಗೆ ಚಾಚಿಕೊಂಡು. ಪ್ರೋಬ್ ಮುರಿದು ಟರ್ಬೊದೊಳಗೆ ಹೋದರೆ ಎಂಬ ಭಯಕ್ಕೆ ಟರ್ಬೊ ಹಿಂದೆ ಹಾಕಿಸುವವರಿದ್ದಾರೆ. ಒಳ್ಳೆಯ ಪ್ರೋಬ್ ಹಾಕಿದರೆ ಆ ಭಯ ದೊಡ್ಡದಲ್ಲ. ತೂತು ಕೊರೆಯುವಾಗ ಬೀಳುವ ಕಬ್ಬಿಣದ ಚೂರಿನ ಭಯವೇ ದೊಡ್ಡದು. ಮ್ಯಾನಿಫೋಲ್ಡ್ ಬಿಚ್ಚಿ ಕೊರೆಯುವ ಮೆಕ್ಯಾನಿಕ್‌ಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎಷ್ಟಾದರೆ ಹೆಚ್ಚು

ಎಲ್ಲರೂ ಕೇಳುವ ಪ್ರಶ್ನೆ. ಅಮೆರಿಕನ್ನರು 1300 ಫ್ಯಾರನ್‌ಹೀಟ್ ಅನ್ನುತ್ತಾರೆ, ಅಂದರೆ ಸುಮಾರು 704 ಸೆಲ್ಸಿಯಸ್. ಆಸ್ಟ್ರೇಲಿಯನ್ನರ ಬಾಯಲ್ಲೂ ಟರ್ಬೊಗೆ ಮುಂಚೆ 700 ಚಿಲ್ಲರೆ, ಆಮೇಲೆ 500ರಿಂದ 550 ಎಂಬ ಮಾತೇ ಓಡಾಡುತ್ತದೆ. ಇವೆಲ್ಲ ಗ್ಯಾರೇಜಿನ ರೂಢಿ. ಇಂಜಿನ್ ಯಾವುದು, ಪ್ರೋಬ್ ಎಲ್ಲಿದೆ, ಎಷ್ಟು ಹೊತ್ತು ಎಂಬುದು ಗೊತ್ತಿಲ್ಲದೆ ಅಂಕಿಗೆ ಅರ್ಥವಿಲ್ಲ. ಅದಕ್ಕಿಂತ ಕೆಲಸಕ್ಕೆ ಬರುವುದು ಸ್ವಂತ ಗಾಡಿಯ ಹಳೆಯ ಲೆಕ್ಕ: ಅದೇ ಏರು, ಅದೇ ಲೋಡು, ಅದೇ ಗೇರಿನಲ್ಲಿ ಇಷ್ಟು ದಿನ 600 ತೋರಿಸುತ್ತಿದ್ದ ಮೀಟರು ಈಗ 660 ತೋರಿಸಿದರೆ, ಮಿತಿ ದಾಟದಿದ್ದರೂ ಬಾನೆಟ್ ಎತ್ತಿ ಹೋಸ್, ಫಿಲ್ಟರ್ ನೋಡಬೇಕು.

ಏರಿನಲ್ಲಿ ಮುಳ್ಳು ಮೇಲೆ ಹೋಗುತ್ತಿದ್ದರೆ ಗೇರ್ ಇಳಿಸಿ, ಕಾಲು ಸಡಿಲಿಸಿ. ಆರ್‌ಪಿಎಂ ಏರಿ ಇಂಜಿನ್ ಕೂಗಿಕೊಂಡರೂ ಟರ್ಬೊ ಗಾಳಿ ತುಂಬುತ್ತದೆ, ಹೊಗೆ ತಣ್ಣಗಾಗುತ್ತದೆ. ಟಾಪ್ ಗೇರಿನಲ್ಲೇ ಮುಕ್ಕರಿಸಿ ಹತ್ತಿಸಿದರೆ ಡೀಸೆಲ್ ಉಳಿಯುತ್ತದೆಂಬ ನಂಬಿಕೆ ನಮ್ಮ ಘಾಟಿಗಳಲ್ಲೂ ಉಂಟು. ಅಂಥವರಿಗೆ ಈ ಮೀಟರು ನೋಡಲು ಹಿತವಾಗಿರುವುದಿಲ್ಲ. ಘಾಟಿ ಮುಗಿದ ಕೂಡಲೇ ಹೋಟೆಲ್ ಮುಂದೆ ನಿಲ್ಲಿಸಿ ಕೀ ತಿರುಗಿಸುವುದೂ ತರವಲ್ಲ. ಆಯಿಲ್ ಓಟ ನಿಂತ ಟರ್ಬೊದಲ್ಲಿ ಉಳಿದ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ಮುಳ್ಳು 250ರ ಕೆಳಗೆ ಬರುವವರೆಗೆ ಐಡಲ್‌ನಲ್ಲಿ ಬಿಟ್ಟರೆ ಸಾಕು.

ಹೊಸ ಗಾಡಿಗಳಲ್ಲಿ

ಬಿಡದಿಯಲ್ಲಿ ತಯಾರಾಗುವ ಫಾರ್ಚೂನರ್ ಸೇರಿದಂತೆ ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ, ಕಂಪನಿಯೇ ಕೂರಿಸಿದ ತಾಪದ ಸೆನ್ಸರ್‌ಗಳೂ ಇರುತ್ತವೆ. ಗಾಡಿ ಅವಕಾಶ ಕೊಟ್ಟರೆ ಒಬಿಡಿ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲೇ ಆ ಅಂಕಿ ಓದಬಹುದು. ಆದರೆ ಫಿಲ್ಟರಿನ ಮಸಿ ಸುಡಲು ಇಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಬಿಟ್ಟು ಅಲ್ಲಿನ ತಾಪವನ್ನು 600 ಡಿಗ್ರಿಯ ಸುತ್ತ ಒಯ್ಯುತ್ತದೆ. ಸಮತಟ್ಟು ರಸ್ತೆಯಲ್ಲಿ ನಿಧಾನ ಹೋಗುವಾಗ ಹಿಂದಿನ ಸೆನ್ಸರ್ ಹಾಗೆ ತೋರಿಸಿದರೆ ಅದು ಇಂಜಿನ್ನಿನ ರೋಗವಲ್ಲ. ಆ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ ಮಾತ್ರ ಗಾಡಿ ನಿಲ್ಲಿಸಬಾರದು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಸ್ಪಿನಿಫೆಕ್ಸ್ ಹುಲ್ಲು ಸೈಲೆನ್ಸರ್ ಸುತ್ತ ಸಿಕ್ಕಿಕೊಂಡು ಗಾಡಿಗಳು ಹೊತ್ತಿ ಉರಿದದ್ದಿದೆ. ಅಲ್ಲಿ ಅಂಥ ದಾರಿ ಹಿಡಿಯುವವರು ಆಗಾಗ ಇಳಿದು, ಅಡಿಯಲ್ಲಿ ಸಿಕ್ಕಿದ ಹುಲ್ಲನ್ನು ಕೊಕ್ಕೆಯಿಂದ ಎಳೆದುಹಾಕಿ ಮುಂದೆ ಹೋಗುತ್ತಾರೆ.