ಕರಿಯನ ಮಾತ್ರೆ

ಸದಾಶಿವನಗರದ ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ, ಬೆಳಿಗ್ಗೆ ಎಂಟಕ್ಕೆ ಮತ್ತು ರಾತ್ರಿ ಎಂಟಕ್ಕೆ, ತಪ್ಪದೆ ಒಂದು ಶಾಸ್ತ್ರ ನಡೆಯುತ್ತದೆ. ನೆಲ್ಲಿಕಾಯಿ ಗಾತ್ರದ ರಾಗಿಮುದ್ದೆಯೊಳಗೆ ಪುಟ್ಟದೊಂದು ಬಿಳಿ ಮಾತ್ರೆ ಹುದುಗಿಸಿ ಕರಿಯನ ಬಾಯಿಗೆ ಹಾಕುತ್ತೇನೆ. ಅವನು ಅದನ್ನು ಅಗಿಯದೆ ನುಂಗಿ, ಇನ್ನೊಂದು ಮುದ್ದೆ ಇದೆಯೇ ಎಂದು ನನ್ನ ಕೈ ನೋಡುತ್ತಾನೆ. ಮದುವೆ ಮನೆಗೆ ಹೋಗಿರಲಿ, ಪರೀಕ್ಷೆಯ ಪೇಪರ್ ತಿದ್ದುತ್ತಿರಲಿ, ಎಂಟು ಗಂಟೆಗೆ ನಮ್ಮಲ್ಲಿ ಒಬ್ಬರು ಮನೆಯಲ್ಲಿರಲೇಬೇಕು. "ನಿಮ್ಮ ಮನೇಲಿ ದೇವರಿಗೂ ಇಷ್ಟು ಹೊತ್ತಿಗೆ ಸರಿಯಾಗಿ ಮಂಗಳಾರತಿ ಆಗಲ್ಲ" ಎಂದು ಎದುರು ಮನೆಯವರು ನಗುತ್ತಾರೆ.

ಕರಿಯ ಜಾತಿನಾಯಿಯಲ್ಲ. ಮಳೆಯಲ್ಲಿ ಚರಂಡಿಯ ಪಕ್ಕ ಕುಂಯ್‌ಗುಟ್ಟುತ್ತಿದ್ದ ಮರಿಯನ್ನು ಮಗ ತಂದ. 2019ರ ನವೆಂಬರ್‌ನಲ್ಲಿ, ಅವನಿಗೆ ಮೂರು ವರ್ಷವಾಗಿದ್ದಾಗ, ಬೆಳಗಿನ ಜಾವ ನಾಲ್ಕಕ್ಕೆ ವರಾಂಡದಲ್ಲಿ ಏನೋ ಬಡಿದ ಸದ್ದಾಯಿತು. ದೀಪ ಹಾಕಿ ನೋಡಿದರೆ ಕರಿಯ ಪಕ್ಕಕ್ಕೆ ಬಿದ್ದು ಮರದ ಕೊರಡಿನಂತೆ ಸೆಟೆದುಕೊಂಡಿದ್ದ. ಆಮೇಲೆ ನಾಲ್ಕು ಕಾಲೂ ಈಜುವವನ ಹಾಗೆ ಆಡತೊಡಗಿದವು. ಬಾಯಲ್ಲಿ ನೊರೆ, ಕೆಳಗೆ ಉಚ್ಚೆ. ಎರಡೇ ನಿಮಿಷವಿರಬೇಕು, ನನಗೆ ಒಂದು ಯುಗವಾಯಿತು. ಎದ್ದ ಮೇಲೂ ಅವನಿಗೆ ನಮ್ಮ ಗುರುತು ಹತ್ತಲಿಲ್ಲ. ಕುರುಡನಂತೆ ಗೋಡೆಗೆ ಮುಟ್ಟಿಕೊಂಡು ತಿರುಗಿದ.

ಆ ಹೊತ್ತಿನಲ್ಲಿ ನನ್ನ ಯಜಮಾನರು ಓಡಿಹೋಗಿ ಬೀರುವಿನ ಬೀಗದ ಕೈ ಗೊಂಚಲು ತಂದರು. ನಾಯಿಯ ಯಾವ ಕೈಗೆ ಕೊಡುವುದು? ಅವರು ಗೊಂಚಲು ಹಿಡಿದು ನಿಂತೇ ಇದ್ದರು. ನನಗೆ ಮಾತ್ರ ನಲವತ್ತು ವರ್ಷದ ಹಿಂದಿನ ಇನ್ನೊಂದು ಬೀಗದ ಕೈ ಕಣ್ಣಿಗೆ ಬಂತು.

ನಮ್ಮ ತವರು ಗುಬ್ಬಿಯ ಕಡೆ ಒಂದು ಹಳ್ಳಿ. ತಂದೆಯ ಕಡೆಯ ತಂಗಿಯನ್ನು ನಾವು ಮಕ್ಕಳು ಅತ್ತೆ ಎನ್ನದೆ ಸಲಿಗೆಯಿಂದ ಚಿಕ್ಕಮ್ಮ ಎನ್ನುತ್ತಿದ್ದೆವು. ತಲೆಗೆ ನೀರು ಹಾಕಿಕೊಳ್ಳುವ ದಿನ ಅವಳಿಗೆ ಮೂರ್ಛೆ ಬರುತ್ತಿತ್ತು. ಹಂಡೆಯ ನೀರು ಕೊತಕೊತ ಕಾದಿರುತ್ತಿತ್ತು. ಅಜ್ಜಿ ತಂಬಿಗೆಯಲ್ಲಿ ಮೊಗೆದು ನೆತ್ತಿಯ ಮೇಲೆ ಬಿಡದೆ ಹುಯ್ಯುತ್ತಿದ್ದರು. ನಾಲ್ಕೈದು ತಂಬಿಗೆಯಾಗುವಷ್ಟರಲ್ಲಿ ಚಿಕ್ಕಮ್ಮನ ಕಣ್ಣು ಒಂದೇ ಕಡೆ ನಿಂತುಬಿಡುತ್ತಿತ್ತು. "ಬಂತು, ಬೀಗದ ಕೈ ತನ್ನಿ" ಎಂದು ಅಜ್ಜಿ ಕೂಗಿದರೆ ನಾನೇ ಓಡುತ್ತಿದ್ದೆ. ಗಾಳಿ ಎಂದರು, ಬಚ್ಚಲ ಚೌಡಿ ಎಂದರು, ತಾಯಿತ ಕಟ್ಟಿಸಿದರು. ಡಾಕ್ಟರ ಮಾತು ಬಂದರೆ ಅಜ್ಜಿ, "ಊರಿಗೆಲ್ಲ ಗೊತ್ತಾದರೆ ಹುಡುಗೀನ ಯಾರು ಮಾಡ್ಕೋತಾರೆ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮುಚ್ಚಿಟ್ಟು 1977ರಲ್ಲಿ ಮದುವೆ ಮಾಡಿದರು. ಮೊದಲ ದೀಪಾವಳಿಯ ಎಣ್ಣೆಸ್ನಾನದಲ್ಲೇ ಗುಟ್ಟು ರಟ್ಟಾಯಿತು. ಹದಿನೈದು ದಿನದಲ್ಲಿ ಟ್ರಂಕಿನ ಸಮೇತ ಅವಳನ್ನು ತಂದು ಬಿಟ್ಟುಹೋದರು. ಮರುವರ್ಷ ಕೋರ್ಟಿನ ಕಾಗದ ಬಂತು. 1981ರಲ್ಲಿ ಹಿತ್ತಿಲ ಬಾವಿಯ ಬಳಿ ಒಬ್ಬಳೇ ಬಟ್ಟೆ ಒಗೆಯುತ್ತಿದ್ದವಳು ಒಳಗೆ ಬಿದ್ದಳು. ಮೂರ್ಛೆ ಬಂದು ಬಿದ್ದಳೋ, ಬೇಕೆಂದೇ ಬಿದ್ದಳೋ, ಮನೆಯಲ್ಲಿ ಯಾರೂ ಕೇಳಲಿಲ್ಲ. ಅವಳಿಗೆ ಆಗ ಇಪ್ಪತ್ತೈದು ತುಂಬಿರಲಿಲ್ಲ.

ಕರಿಯನನ್ನು ನೋಡಿದ ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ, ಪಿತ್ತಕೋಶ, ವಿಷ ಯಾವುದರ ತೊಂದರೆಯೂ ಇಲ್ಲವೆಂದು ಖಚಿತಪಡಿಸಿಕೊಂಡು, "ಇದು ಎಪಿಲೆಪ್ಸಿ ಮೇಡಂ. ನಾಯಿಗಳಲ್ಲಿ ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾಗುತ್ತೆ" ಎಂದರು. ಬರೆದುಕೊಟ್ಟ ಚೀಟಿಯಲ್ಲಿ ಫಿನೋಬಾರ್ಬಿಟೋನ್, 30 ಮಿಲಿಗ್ರಾಂ, ಎರಡು ಹೊತ್ತು ಎಂದಿತ್ತು. "ನಾಯಿಗೆ ಬೇರೆ ಮಾತ್ರೆಯೇ?" ಎಂದೆ. "ಇಲ್ಲ, ಮನುಷ್ಯರಿಗೆ ಕೊಡೋದೇ. ನೂರು ವರ್ಷದ ಹಳೇ ಮಾತ್ರೆ" ಎಂದರು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ನೂರು ವರ್ಷ ಎಂದ ಕೂಡಲೇ ಇಸವಿ ಹುಡುಕುವುದು ನನ್ನ ಚಾಳಿ. ಹುಡುಕಿದ್ದು ನಾಯಿಗಾಗಿಯೋ ಚಿಕ್ಕಮ್ಮನಿಗಾಗಿಯೋ ನನಗೆ ಈಗಲೂ ತಿಳಿಯದು.

ಈ ರೋಗವನ್ನು ನಮ್ಮ ಹಿರಿಯರು ಅಪಸ್ಮಾರ ಎಂದರು. ಸ್ಮೃತಿ ಅಳಿಯುವುದು ಎಂದರ್ಥ. ನಟರಾಜನ ಕಾಲಡಿ ಬಿದ್ದಿರುವ ಕುಳ್ಳನಿಗೂ ಅದೇ ಹೆಸರು. ಆದರೆ ಚರಕಸಂಹಿತೆ ವಾತ, ಪಿತ್ತ, ಕಫ, ಮೂರೂ ಕೆಟ್ಟ ಸನ್ನಿಪಾತ ಎಂದು ನಾಲ್ಕು ಬಗೆ ಮಾಡಿ, ಅದನ್ನು ಔಷಧ ಕೊಡಬೇಕಾದ ರೋಗವೆಂದೇ ಎಣಿಸಿತು. ಗ್ರೀಕರು ಇದನ್ನು ಪವಿತ್ರ ರೋಗ ಎನ್ನುತ್ತಿದ್ದರು. ಕ್ರಿಸ್ತಪೂರ್ವ 400ರ ಸುಮಾರಿಗೆ ಹಿಪೊಕ್ರೆಟಿಸನ ಪರಂಪರೆಯವರು ಬರೆದ ಗ್ರಂಥವೊಂದು, ಇದರಲ್ಲಿ ದೇವರ ಕೈವಾಡವಿಲ್ಲ, ಇದು ಮಿದುಳಿನ ಕಾಯಿಲೆ ಎಂದು ವಾದಿಸುತ್ತದೆ. ಅದಕ್ಕೆ ಕೊಡುವ ಸಾಕ್ಷಿ ಮೇಕೆಯದು. ಮೇಕೆಗಳಿಗೂ ಈ ರೋಗ ಬರುತ್ತದೆ, ತಲೆ ಸೀಳಿ ನೋಡಿದರೆ ಮಿದುಳು ಕೆಟ್ಟಿರುವುದು ಕಾಣುತ್ತದೆ ಎನ್ನುತ್ತದೆ. ಬಚ್ಚಲ ಚೌಡಿಯನ್ನು ಓಡಿಸಲು ಎರಡು ಸಾವಿರದ ನಾನೂರು ವರ್ಷದ ಹಿಂದೆಯೇ ಒಂದು ಮೇಕೆ ಸಾಕಾಗಿತ್ತು ಎಂದು ಓದಿ ನನಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು.

ನಾಯಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1870ರಲ್ಲಿ ಬರ್ಲಿನ್ನಿನಲ್ಲಿ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬ ಇಬ್ಬರು ನಾಯಿಗಳ ಮಿದುಳಿಗೆ ಸಣ್ಣಗೆ ವಿದ್ಯುತ್ ಮುಟ್ಟಿಸಿ, ಯಾವ ಜಾಗ ಮುಟ್ಟಿದರೆ ಯಾವ ಕಾಲು ಅಲುಗುತ್ತದೆಂದು ತೋರಿಸಿದರು. ಕೆಲವು ನಾಯಿಗಳಿಗೆ ಮೂರ್ಛೆಯೇ ಬಂತು. ಸರಿಯಾದ ಪ್ರಯೋಗಶಾಲೆ ಸಿಗದೆ ಇದನ್ನು ಹಿಟ್ಸಿಗ್‌ನ ಮನೆಯಲ್ಲಿ, ಅವನ ಹೆಂಡತಿಯ ಅಲಂಕಾರದ ಮೇಜಿನ ಮೇಲೆ ಮಾಡಿದರಂತೆ. ಆ ತಾಯಿ ಆಮೇಲೆ ಅದರ ಮುಂದೆ ಕುಳಿತು ಹೇಗೆ ತಲೆ ಬಾಚಿಕೊಂಡಳೋ! ಮಿದುಳಿನ ನರಕೋಶಗಳು ಹತೋಟಿ ತಪ್ಪಿ ಒಟ್ಟಿಗೆ ವಿದ್ಯುತ್ ಹರಿಸಿದಾಗ ಮೂರ್ಛೆ ಬರುತ್ತದೆ ಎಂಬ ತಿಳಿವಳಿಕೆಯ ಹಾದಿಯಲ್ಲಿ ಆ ನಾಯಿಗಳ ಪ್ರಾಣವೂ ಸೇರಿದೆ.

ಕೆಲಸ ಮಾಡಿದ ಮೊದಲ ಔಷಧದ ಕಥೆ ಹೆಂಗಸರಿಗೆ ಸಂಬಂಧಿಸಿದ್ದು. ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯ ಚಾರ್ಲ್ಸ್ ಲೊಕಾಕ್ 1857ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ, ಮುಟ್ಟಿನ ಸಮಯಕ್ಕೆ ಮೂರ್ಛೆ ಬರುತ್ತಿದ್ದ ಹದಿನಾಲ್ಕೋ ಹದಿನೈದೋ ಹೆಂಗಸರಿಗೆ ಪೊಟ್ಯಾಷಿಯಂ ಬ್ರೋಮೈಡ್ ಎಂಬ ಉಪ್ಪು ಕೊಟ್ಟೆ, ಒಬ್ಬಳಿಗೆ ಬಿಟ್ಟು ಎಲ್ಲರಿಗೂ ಗುಣ ಕಂಡಿತು ಎಂದ. ಇದಕ್ಕೆ ಹೆಣ್ಣಿನ ಗರ್ಭಕೋಶವೇ ಮೂಲವೆಂದು ಅವನ ನಂಬಿಕೆ. ನಂಬಿಕೆ ತಪ್ಪು, ಮದ್ದು ಮಾತ್ರ ಸರಿಯಾಗಿತ್ತು. ಮನುಷ್ಯರು ಹೆಚ್ಚುಕಡಿಮೆ ಬಿಟ್ಟುಬಿಟ್ಟ ಆ ಉಪ್ಪನ್ನು ನಾಯಿಗಳಿಗೆ ಇಂದಿಗೂ ಕೊಡುತ್ತಾರೆ. ಅದು ರಕ್ತದಲ್ಲಿ ನೆಲೆಗೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಕೊಡುವಾಗ ಊಟದ ಉಪ್ಪು ಏರುಪೇರಾಗಬಾರದು. ಒಂದು ದಿನ ಹಪ್ಪಳ, ಒಂದು ದಿನ ಸಪ್ಪೆ ಎಂದರೆ ಮದ್ದಿನ ಲೆಕ್ಕ ತಪ್ಪುತ್ತದೆ.

ಇನ್ನು ಕರಿಯನ ಮಾತ್ರೆ. 1912ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಫ್ರೆಡ್ ಹೌಪ್ಟ್‌ಮನ್ ಎಂಬ ಕಿರಿಯ ವೈದ್ಯ ಮೂರ್ಛೆರೋಗಿಗಳ ವಾರ್ಡಿನ ಮೇಲೆಯೇ ವಾಸವಾಗಿದ್ದ. ರಾತ್ರಿಯಿಡೀ ರೋಗಿಗಳು ಬೀಳುವ ಸದ್ದಿಗೆ ನಿದ್ದೆಯಿಲ್ಲ. ಅವರು ಮಲಗಲಿ ಎಂದು ಆಗಷ್ಟೇ ಬಂದಿದ್ದ ಲೂಮಿನಾಲ್ ಎಂಬ ನಿದ್ದೆಮದ್ದು ಕೊಟ್ಟ. ರಾತ್ರಿಯಷ್ಟೇ ಅಲ್ಲ, ಹಗಲಿನಲ್ಲೂ ಬೀಳುವುದು ಕಡಿಮೆಯಾಯಿತು. ಆ ಲೂಮಿನಾಲೇ ಫಿನೋಬಾರ್ಬಿಟೋನ್. ಇಷ್ಟು ಮಂದಿಯ ನಿದ್ದೆ ಕಾದ ಹೌಪ್ಟ್‌ಮನ್ ಯಹೂದಿಯಾಗಿದ್ದರಿಂದ ಹುದ್ದೆ ಕಳೆದುಕೊಂಡು, 1938ರಲ್ಲಿ ಡಾಖಾವ್ ಸೆರೆಶಿಬಿರ ಕಂಡು, ಕೊನೆಗೆ ಅಮೆರಿಕದ ಬಾಸ್ಟನ್ ಸೇರಿ 1948ರಲ್ಲಿ ಅಲ್ಲೇ ತೀರಿಕೊಂಡ. ಅದೇ 1938ರಲ್ಲಿ, ಅದೇ ಬಾಸ್ಟನ್ನಿನಲ್ಲಿ, ಮೆರಿಟ್ ಮತ್ತು ಪುಟ್ನಮ್ ಬೆಕ್ಕುಗಳ ಮೇಲೆ ಪರೀಕ್ಷಿಸಿ ಫೆನಿಟಾಯಿನ್ ಎಂಬ ಇನ್ನೊಂದು ಮದ್ದು ಹೊರತಂದಿದ್ದರು. ಅದು ಮನುಷ್ಯರಿಗೆ ಒಗ್ಗಿತು. ನಾಯಿಯ ಮೈಯಲ್ಲಿ ಮಾತ್ರ ಬೇಗ ಕರಗಿಹೋಗುತ್ತದೆ, ನಿಲ್ಲುವುದಿಲ್ಲ.

1912! ನಮ್ಮ ಅಜ್ಜಿಯೇ ಆಗ ಹುಟ್ಟಿದ್ದರೋ ಇಲ್ಲವೋ. ಚಿಕ್ಕಮ್ಮ ಹುಟ್ಟುವ ಹೊತ್ತಿಗೆ ಆ ಮಾತ್ರೆ ನಲವತ್ತು ವರ್ಷ ದಾಟಿದ ಹಳಬ. ಅಷ್ಟೇ ಅಲ್ಲ. ಬಿಸಿನೀರಿನ ಮೂರ್ಛೆ ಎಂಬ ಕಾಯಿಲೆ ಇದೆಯೆಂದು 1945ರಲ್ಲೇ ನ್ಯೂಜಿಲೆಂಡಿನ ವೈದ್ಯರೊಬ್ಬರು ಬರೆದಿದ್ದರು. ಅದು ನಮ್ಮ ದಕ್ಷಿಣ ಕರ್ನಾಟಕದಲ್ಲೇ ಬಹಳ ಎಂದು ಬೆಂಗಳೂರಿನ ಡಾ. ಕೆ. ಎಸ್. ಮಣಿಯವರು ಗುರುತಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳ ವಿವರ ಪ್ರಕಟಿಸಿದರು. ಸುಡುಸುಡು ನೀರನ್ನು ತಂಬಿಗೆಯಿಂದ ಒಂದೇ ಸಮ ನೆತ್ತಿಗೆ ಹುಯ್ಯುವ ನಮ್ಮ ಪದ್ಧತಿಯೇ, ಒಲವುಳ್ಳ ಮಿದುಳಿಗೆ ಕಿಡಿ ತಾಕಿಸುತ್ತದೆ. ಉಗುರುಬೆಚ್ಚಗಿನ ನೀರು ಹಾಕಿಕೊಂಡರೆ ಎಷ್ಟೋ ಜನಕ್ಕೆ ಬರುವುದೇ ಇಲ್ಲ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಒಂದು ಮಾತ್ರೆ ನುಂಗಿಸುತ್ತಾರೆ. ನಿಮ್ಹಾನ್ಸ್ ಆ ಹೆಸರಿನಲ್ಲಿ 1974ರಿಂದಲೇ ಇತ್ತು. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರು. ಗುಬ್ಬಿಯಲ್ಲಿ ಬೆಂಗಳೂರಿನ ರೈಲು ಹತ್ತಬಹುದಿತ್ತು. ನಾವು ಹತ್ತಲಿಲ್ಲ. ಒಂದು ತಂಬಿಗೆ ತಣ್ಣೀರು ಬೆರೆಸಲೂ ನಮಗೆ ತೋಚಲಿಲ್ಲ.

ಅಜ್ಜಿಯನ್ನು ಬೈದುಕೊಳ್ಳುವುದು ಸುಲಭ. ಆದರೆ ಅವರ ಹೆದರಿಕೆಗೆ ಕಾನೂನೇ ಮುದ್ರೆ ಒತ್ತಿತ್ತು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯಲ್ಲಿ ಹುಚ್ಚಿನ ಪಕ್ಕದಲ್ಲೇ ಮೂರ್ಛೆರೋಗವೂ ಸೇರಿತು. ಮತ್ತೆ ಮತ್ತೆ ಮೂರ್ಛೆ ಬರುವವರ ಮದುವೆಯನ್ನು ನ್ಯಾಯಾಲಯ ರದ್ದು ಮಾಡಬಹುದಿತ್ತು. ಚಿಕ್ಕಮ್ಮನ ಮದುವೆ ಅದರ ಮರುವರ್ಷ. ಭಾರತೀಯ ಎಪಿಲೆಪ್ಸಿ ಸಂಘದವರು ಬಹಳ ಹೋರಾಡಿದ ಮೇಲೆ 1999ರ ಡಿಸೆಂಬರಿನಲ್ಲಿ ಆ ಪದವನ್ನು ತೆಗೆದುಹಾಕಿದರು. ಇಪ್ಪತ್ಮೂರು ವರ್ಷ ಅದು ಪುಸ್ತಕದಲ್ಲಿತ್ತು. ಆ ಅವಧಿಯಲ್ಲಿ ಟ್ರಂಕು ಹೊತ್ತು ತವರಿಗೆ ಮರಳಿದ ಹೆಣ್ಣುಮಕ್ಕಳನ್ನು ಎಣಿಸಿದವರು ಯಾರು?

ಕರಿಯನ ಸಂಸಾರಕ್ಕೆ ಮರಳುತ್ತೇನೆ. ಮಾತ್ರೆ ಶುರುವಾದ ಮೊದಲ ಎರಡು ವಾರ ಅವನ ಹಿಂಗಾಲು ತೂರಾಡುತ್ತಿದ್ದವು. ಮೂರು ಬೋಗುಣಿ ನೀರು ಕುಡಿಯುತ್ತಿದ್ದ, ವರಾಂಡವೆಲ್ಲ ಒದ್ದೆ. ಹಸಿವು ಹೇಳತೀರದು, ಪಲ್ಯಕ್ಕೆ ಹೆಚ್ಚಿಟ್ಟ ಹುರುಳಿಕಾಯನ್ನೂ ಬಿಡಲಿಲ್ಲ. ತೂರಾಟ ತಾನಾಗಿ ನಿಂತಿತು, ಹಸಿವು ನಿಲ್ಲಲಿಲ್ಲ. ಮಾತ್ರೆಯ ಪ್ರಮಾಣ ರಕ್ತದಲ್ಲಿ ಎಷ್ಟಿದೆ, ಪಿತ್ತಕೋಶ ತಡೆಯುತ್ತಿದೆಯೇ ಎಂದು ಆಗಾಗ ಪರೀಕ್ಷೆ ಮಾಡಿಸುತ್ತೇವೆ. ಒಂದು ನೋಟುಪುಸ್ತಕದಲ್ಲಿ ಪ್ರತಿ ಮೂರ್ಛೆಯ ತಾರೀಕು, ಗಂಟೆ, ಎಷ್ಟು ನಿಮಿಷ, ಹಿಂದಿನ ದಿನ ಏನಾಗಿತ್ತು ಎಂದು ಬರೆಯುತ್ತೇನೆ. ಐದು ನಿಮಿಷ ಮೀರಿದರೆ, ಅಥವಾ ಒಂದೇ ದಿನ ಮೇಲಿಂದ ಮೇಲೆ ಬಂದರೆ, ಆಟೋ ಕರೆಯಲೇಬೇಕು.

ಅಂಥ ದಿನ ಒಂದೇ ಸಲ ಬಂತು. 2020ರ ಮಾರ್ಚ್ 25ರಿಂದ ಊರಿಗೆ ಊರೇ ಮುಚ್ಚಿತಲ್ಲ, ಆಗ ನಾವು ತರುತ್ತಿದ್ದ ಅಂಗಡಿಯಲ್ಲಿ ಮಾತ್ರೆ ಮುಗಿದಿತ್ತು. ಇದು ಚೀಟಿಯಿಲ್ಲದೆ ಕೊಡುವ ಮಾತ್ರೆಯಲ್ಲ. ಇನ್ನೊಂದು ಅಂಗಡಿಯವನು "ನಾಯಿ ಚೀಟಿಗೆ ಕೊಡಲ್ಲ" ಎಂದುಬಿಟ್ಟ. ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಅಡಗಿದ್ದ ಮೂರ್ಛೆ ಇಮ್ಮಡಿಯಾಗಿ ಎರಗುತ್ತದೆ. ಎರಡು ದಿನ ತಪ್ಪಿತು. ಮೂರನೆಯ ರಾತ್ರಿ ನಾಲ್ಕು ಸಲ ಬಿದ್ದ. ಯಜಮಾನರು ಸ್ಕೂಟರಿನಲ್ಲಿ ಪೊಲೀಸರಿಗೆ ಚೀಟಿ ತೋರಿಸುತ್ತಾ ಹೋಗಿ ನಾಲ್ಕನೆಯ ಅಂಗಡಿಯಲ್ಲಿ ಎರಡು ಪಟ್ಟಿ ತಂದರು. ಬೀಗದ ಕೈ ಹಿಡಿದು ನಿಂತಿದ್ದ ಅದೇ ಮನುಷ್ಯ! ಅಂದಿನಿಂದ ಒಂದು ತಿಂಗಳ ಮಾತ್ರೆ ಯಾವಾಗಲೂ ಡಬ್ಬಿಯಲ್ಲಿರುತ್ತದೆ.

ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪಾಠದ ಮಧ್ಯೆ ಬೆಂಚಿನಿಂದ ಜಾರಿ ಬಿದ್ದಳು. ಹುಡುಗಿಯರು ಕಿರುಚಿದರು, ಯಾರೋ "ಕಬ್ಬಿಣ, ಕಬ್ಬಿಣ" ಎಂದರು. ಬೆಂಚು ಸರಿಸಿ, ಪಕ್ಕಕ್ಕೆ ಮಲಗಿಸಿ, ತಲೆಯಡಿ ನನ್ನ ಚೀಲವಿಟ್ಟು, ಬಾಯಿಗೆ ಏನೂ ತುರುಕಬೇಡಿ ಎಂದು ಹೇಳಿ, ಗಡಿಯಾರ ನೋಡಿಕೊಂಡು ಕುಳಿತೆ. ಕೈ ನಡುಗಲಿಲ್ಲ. ಕರಿಯನ ಬಳಿ ಕಲಿತ ಪಾಠ. ಒಂದೂವರೆ ನಿಮಿಷಕ್ಕೆ ನಿಂತಿತು.

ಸಂಜೆ ಅವಳ ತಾಯಿ ಬಂದರು. ಸೆರಗಿನ ತುದಿ ಹಿಡಿದುಕೊಂಡು, "ಯಾರಿಗೂ ಹೇಳಬೇಡಿ ಮಿಸ್, ನಾಳೆ ಮದುವೆ ಆಗಬೇಕಾದ ಹುಡುಗಿ" ಎಂದರು. ಅಜ್ಜಿಯದೇ ಮಾತು, ಅದೇ ದನಿ. ನಾನು ಅವರನ್ನು ಮನೆಗೆ ಕರೆದುಕೊಂಡು ಬಂದೆ. ಎಂಟು ಗಂಟೆಯಾಗುತ್ತಿತ್ತು. ಮುದ್ದೆ ಮುರಿದು, ಮಾತ್ರೆ ಇಟ್ಟು, ಕರಿಯನಿಗೆ ಕೊಟ್ಟೆ. ಆಮೇಲೆ ನೋಟುಪುಸ್ತಕ ತೋರಿಸಿದೆ: ಮೊದಲ ವರ್ಷ ಹದಿಮೂರು, ಕಳೆದ ವರ್ಷ ಎರಡು. ಆಕೆ ಬಹಳ ಹೊತ್ತು ಪುಟ ತಿರುವಿದರು. ಬಾವಿಯ ಕಥೆಯನ್ನೂ ಹೇಳಿದೆ. ನಲವತ್ತು ವರ್ಷದಲ್ಲಿ ಮನೆಯ ಹೊರಗಿನವರಿಗೆ ಅದನ್ನು ಹೇಳಿದ್ದು ಅದೇ ಮೊದಲು.

ಮುಂದಿನ ವಾರ ತಾಯಿ ಮಗಳು ಬೆಂಗಳೂರಿಗೆ ಹೋಗಿಬಂದರು. ಹುಡುಗಿ ಈಗ ಹತ್ತನೆಯ ತರಗತಿ. ಅವಳಿಗೂ ಒಂದು ನೋಟುಪುಸ್ತಕ ತಂದುಕೊಟ್ಟಿದ್ದೇನೆ. ಕರಿಯನ ಮೂತಿ ಬೆಳ್ಳಗಾಗಿದೆ. ಸಂಜೆಯಾದರೆ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಮುದ್ದೆಯ ಪಾತ್ರೆಯನ್ನೇ ನೋಡುತ್ತಾನೆ. ನನಗಿಂತ ಮೊದಲು ಎಂಟು ಗಂಟೆಯಾದದ್ದು ಅವನಿಗೇ ತಿಳಿಯುತ್ತದೆ.