ಅಣುಸ್ಥಾವರದ ಸುರಕ್ಷತಾ ವಾತಾಯನ
ಸ್ಥಾವರದೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ತುಸು ಕಡಿಮೆ ಇಟ್ಟು, ಒಳಗಾಳಿಯನ್ನು ಸೂಕ್ಷ್ಮ ಶೋಧಕ, ಸಕ್ರಿಯ ಇದ್ದಿಲುಗಳ ಮೂಲಕ ಹಾಯಿಸಿ ಚಿಮಣಿಯಿಂದ ಹೊರಬಿಡುವ ವ್ಯವಸ್ಥೆ. ಹಿಮ ಬೀಳುವ ನಾಡುಗಳಲ್ಲಿ ಇದರ ವೈರಿ ಚಳಿ: ಒಳಬರುವ ಗಾಳಿಯನ್ನು ಬೆಚ್ಚಗಾಗಿಸುವ ಸುರುಳಿಯಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಸೀಳುತ್ತದೆ, ಗಾಳಿತಡೆಯ ಕವಾಟಗಳು ಮಂಜಿಗೆ ಅಂಟಿ ಅಲುಗುವುದಿಲ್ಲ. ಉತ್ತರ ಕನ್ನಡದ ಕೈಗಾ ಕೇಂದ್ರಕ್ಕೆ (220 ಮೆಗಾವಾಟಿನ 4 ಘಟಕಗಳು, ಮೊದಲೆರಡರ ವಾಣಿಜ್ಯ ಉತ್ಪಾದನೆ 2000ರಲ್ಲಿ ಆರಂಭ) ಆ ಕಾಟವಿಲ್ಲ. ಅದು ಇರುವ ಕಾಳಿ ನದಿ ಕಣಿವೆಯ ಮಳೆಗಾಲದಲ್ಲಿ ಎಚ್ಚರ ಬೇಕಾದದ್ದು ತೇವದ ಬಗ್ಗೆ. ಇದ್ದಿಲು ನೀರು ಹೀರಿದಷ್ಟೂ ವಿಕಿರಣಶೀಲ ಅಯೋಡಿನ್ ಹಿಡಿಯುವ ಶಕ್ತಿ ಕುಗ್ಗುತ್ತದೆ. ಇಂಥ ಶೋಧಕಗಳ ಮುಂದೆ ಹೀಟರ್ ಇಟ್ಟು ಸಾಪೇಕ್ಷ ಆರ್ದ್ರತೆಯನ್ನು ಶೇ. 70ರೊಳಗೆ ತರುವುದು ವಾಡಿಕೆ.